ಒಳಗೆ ಆವಿ ಬಿಡುವಂತಿಲ್ಲ

"ಹಲೋ? ... ಹಲೋ, ಯಾರು ಮಾತಾಡ್ತಿರೋದು? ಮ್ಯಾಕ್ಸೀನಾ? ..."

"... ಟಿಲ್ಲಿನಾ? ಯಾವ ಟಿಲ್ಲಿ? ... ಹಾಂ, ಹೊಸಬಳು. ಇದು ಪಬ್ಬೇ ಅಲ್ವಾ, ಕಾಲುವೆ ಸೇತುವೆ ಹತ್ರದ್ದು? ... ಸರಿ ಹಾಗಾದ್ರೆ. ನಾನು ಟ್ರೆವರ್ ..."

"... ಯಾವ ಟ್ರೆವರ್ ಅಂದ್ರೆ? ಕಿಟಕಿ ಪಕ್ಕದ ಟ್ರೆವರ್. ಡಾಮಿನೊ ಟ್ರೆವರ್. ಬಸ್ ರಿಪೇರಿ ಟ್ರೆವರ್ ... ಗೊತ್ತಿಲ್ವಾ? ... ಇರ್ಲಿ ಬಿಡು ಪುಟ್ಟಿ, ನಿಂದೇನು ತಪ್ಪು ..."

ಇಂಗ್ಲೆಂಡಿನ ಬಾರ್ನ್ಸ್ಲಿ ಊರಿನ ಆ ಪಬ್ಬಿನ ಕಿಟಕಿ ಪಕ್ಕದ ಬೆಂಚಿನಲ್ಲಿ ಟ್ರೆವರ್ ಕೂರಲು ಶುರುಮಾಡಿದಾಗ ಈ ಹುಡುಗಿಯ ಅಪ್ಪ ಅಮ್ಮನಿಗೆ ಮದುವೆಯೂ ಆಗಿರಲಿಕ್ಕಿಲ್ಲ. ಬೆಂಚಿನ ಮೆತ್ತೆಯ ಮೇಲೆ ಅವನ ಕುಂಡೆಯ ಅಚ್ಚೇ ಬಿದ್ದಿತ್ತು. ಬೇಸಿಗೆಯ ಕೊನೆಯಲ್ಲಿ ಮುನಿಸಿಕೊಂಡು ಎದ್ದುಬಂದವನು ಮತ್ತೆ ಆ ಕಡೆ ತಲೆಹಾಕಿರಲಿಲ್ಲ. ಈಗ ಹೊರಗೆ ಮರಗಳೆಲ್ಲ ಎಲೆ ಉದುರಿಸಿ ಬೋಳಾಗಿದ್ದವು. ಅಷ್ಟರಲ್ಲೇ ಹೆಸರು ಹೇಳಿದರೂ ಗುರುತು ಸಿಗದ ಹಾಗಾಗಿತ್ತು.

"... ಹಾಂ, ಯಾಕೆ ಫೋನ್ ಮಾಡಿದೆ ಅಂದ್ರೆ, ನನ್ನ ಟೋಪಿ. ಬೂದು ಬಣ್ಣದ್ದು. ಅಲ್ಲೇ ಬಿಟ್ಟು ಬಂದೆನೇನೋ ಅಂತ. ... ಯಾವಾಗ ಅಂದ್ರೆ ... ಸ್ವಲ್ಪ ದಿನ ಆಯ್ತು. ... ಆಗಸ್ಟಲ್ಲಿ. ... ನಗಬೇಡ್ವೇ, ಒಳ್ಳೆ ಟೋಪಿ ಅದು ..."

ಟೋಪಿ ಅವನ ತಲೆಯ ಮೇಲೇ ಇತ್ತು. ಅಡುಗೆಮನೆಯ ಹೀಟರು ಹಚ್ಚಿರಲಿಲ್ಲ, ಹಾಗಾಗಿ ಒಳಗೂ ಟೋಪಿ ಹಾಕಿಕೊಂಡೇ ಕೂತಿದ್ದ. ಮುದುಕರು ಸುಳ್ಳು ಹೇಳುವುದೇ ಹೀಗೆ, ಸಾಕ್ಷಿಯನ್ನು ತಲೆಯ ಮೇಲೆ ಹೊತ್ತುಕೊಂಡು ಹೇಳುತ್ತಾರೆ.

"... ಏನು ಸದ್ದಾ? ಅದು ನನ್ನ ಪೀಪಿ ... ಇ-ಸಿಗರೇಟು ಕಣಮ್ಮಾ. ... ಕಸ್ಟರ್ಡ್ ವಾಸನೆದು. ... ಅಲ್ಲಿ ಬಿಡೋ ಹಾಗಿಲ್ಲ ಅಂತೀಯಾ? ಗೊತ್ತು ತಾಯಿ, ಚೆನ್ನಾಗಿ ಗೊತ್ತು. ಆ ಬೋರ್ಡು ಹಾಕಿದ್ದೇ ನನಗೋಸ್ಕರ. 'ಒಳಗೆ ಆವಿ ಬಿಡುವಂತಿಲ್ಲ' ಅಂತ, ದಪ್ಪಕ್ಷರದಲ್ಲಿ. ಬೇರೆ ಗೋಡೆ ಸಿಗ್ಲಿಲ್ಲ ನೋಡು ಅವರಿಗೆ, ನನ್ನ ಕಿಟಕಿ ಪಕ್ಕಾನೇ ಬೇಕಿತ್ತು ..."

"... ಕಾನೂನು ಏನು ಹೇಳತ್ತೆ ಗೊತ್ತಾ? ಸಿಗರೇಟು ಆದ್ರೆ ಹೊರಗೆ. ಇದಕ್ಕೆ ಆ ಕಾನೂನಿಲ್ಲ, ಪಬ್ಬಿನ ಯಜಮಾನಿ ಏನಂತಾಳೋ ಅದೇ. ... ಹಾಂ, ಮ್ಯಾಕ್ಸೀನ್ ಹೇಳಿದ್ದೇ ಕಾನೂನು. ನಾನೇನು ಜಗಳಗಂಟ ಅಲ್ಲಮ್ಮಾ. ಡಿಪೋ ಕ್ಯಾಂಟೀನಲ್ಲಿ ಬೇಡ ಅಂದ್ರು, ಸರಿ ಅಂದೆ. ಬಸ್ ಸ್ಟಾಪಲ್ಲಿ ಒಬ್ಳು ತಾಯಿ ಮಗು ಮೂಗು ಮುಚ್ಚಿ ನನ್ನನ್ನ ದುರುಗುಟ್ಟಿ ನೋಡಿದ್ಲು, ಜೇಬಿಗೆ ಹಾಕ್ಕೊಂಡೆ. ಲೈಬ್ರರಿ, ಆಸ್ಪತ್ರೆ, ರೈಲು ಸ್ಟೇಷನ್ನು, ಎಲ್ಲಾ ಕಡೆ ಜೇಬಿಗೆ ಹಾಕ್ಕೊಂಡೆ. ಅದೊಂದು ಜಾಗ ಉಳಿದಿತ್ತು ನಂಗೆ. ಅದೊಂದೇ ..."

"... ಯಾರೋ ಚಾಡಿ ಹೇಳಿದ್ದಾರೆ ಕಣೇ. ಇಲ್ದಿದ್ರೆ ವರ್ಷಗಟ್ಟಲೆ ಸುಮ್ನಿದ್ದ ಮ್ಯಾಕ್ಸೀನ್‌ಗೆ ಏಕಾಏಕಿ ಜ್ಞಾನೋದಯ ಆಗತ್ತಾ? ನಾನೂ ಬಿಡ್ಲಿಲ್ಲ. ಎಲ್ಲರ ಮುಂದೆ ಎದ್ದು ನಿಂತು ಹೇಳ್ದೆ, ಯಾವನು ಬೆನ್ನ ಹಿಂದೆ ಚಾಡಿ ಹೇಳಿದ್ನೋ ಆ ಹೇಡಿ ಜೊತೆ ಇನ್ನು ಒಂದೇ ಮೇಜಲ್ಲಿ ಕೂರಲ್ಲ ಅಂತ. ... ಏನಂದ್ರಾ? ಯಾರೂ ತುಟಿ ಪಿಟಕ್ ಅನ್ಲಿಲ್ಲ. ಕ್ಲಿಫ್ ಕೂಡ. ಡಾಮಿನೊದಲ್ಲಿ ನನ್ನ ಜೊತೆಗಾರ ಅವನು, ಅವನಾದ್ರೂ ನನ್ನ ಪರ ಒಂದು ಮಾತು ಆಡಬಹುದಿತ್ತು, ಅಲ್ವಾ? ... ಅಲ್ವಾ? ... ಹಾಂ, ಗಿರಾಕಿ ಬಂದ್ರಾ. ಹೋಗು, ನೋಡ್ಕೋ ಹೋಗು. ಫೋನ್ ಇಡಬೇಡ ಮಾತ್ರ. ಕಾಯ್ತೀನಿ ..."

ಹುಡುಗಿ ಫೋನನ್ನು ಕೌಂಟರಿನ ಮೇಲೆ ಮಲಗಿಸಿ ಹೋದಳು. ಟ್ರೆವರ್ ತನ್ನದನ್ನು ಕಿವಿಗೆ ಒತ್ತಿ ಹಿಡಿದ. ಗ್ಲಾಸಿಗೆ ಗ್ಲಾಸು ತಾಗುವ ಸದ್ದು, ಯಾರದೋ ದೊಡ್ಡ ನಗು, ಮರದ ಮೇಜಿನ ಮೇಲೆ ಡಾಮಿನೊ ಆಟದ ಚುಕ್ಕೆ ಬಿಲ್ಲೆಗಳನ್ನು ಅಂಗೈಯಲ್ಲಿ ಕಲೆಸುವ ಸರಸರ. ಗುರುವಾರ ಮಧ್ಯಾಹ್ನದ ಆಟ ಅದು. ಆಟ ತನ್ನನ್ನು ಬಿಟ್ಟು ನಡೆಯುತ್ತಿದೆ ಎಂದು ಗೊತ್ತಿದ್ದರೂ ಸದ್ದು ಕೇಳಿದ ಮೇಲೆ ಅವನಿಗೆ ಅಳು ಬರುವಂತಾಯಿತು.

ಪೀಪಿಯನ್ನು ಬಾಯಿಗಿಟ್ಟು ಒಂದು ದಮ್ಮು ಎಳೆದ. ಸಿಹಿ ವಾಸನೆಯ ಆವಿ ಒಲೆಯ ಮೇಲೆ ಹಾದು ಕಿಟಕಿಯ ಗಾಜಿಗೆ ಹೋಗಿ ಕೂತಿತು. ಈ ಅಡುಗೆಮನೆಯಲ್ಲಿ ಎಷ್ಟು ಬಿಟ್ಟರೂ ಬೇಡ ಎನ್ನುವವರಿಲ್ಲ. ಬೇಡ ಎನ್ನುತ್ತಿದ್ದ ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಇಷ್ಟಬಂದ ಹಾಗೆ ಸೇದಬಹುದಾದ ಜಾಗ ಎಂದರೆ ಯಾರೂ ಇಲ್ಲದ ಜಾಗ ಎಂಬುದು ಅವನಿಗೆ ಈ ಮೂರು ತಿಂಗಳಲ್ಲಿ ಸರಿಯಾಗಿಯೇ ತಿಳಿದಿತ್ತು.

"... ಹಲೋ? ಯಾರಾದ್ರೂ ಇದ್ದೀರಾ? ... ಹಲೋ ..."

"... ಮ್ಯಾಕ್ಸೀನಾ! ನಾನು ಕಣೇ, ಟ್ರೆವರ್. ... ಬದುಕಿದ್ದೀನಿ, ಬದುಕಿದ್ದೀನಿ. ... ಟೋಪಿ ಕೇಳೋಣ ಅಂತ. ... ತಲೆ ಮೇಲೆ ನೋಡ್ಕೋ ಅಂತೀಯಾ? ... ಹಾಂ, ಸುಳ್ಳೇ ಹೇಳ್ದೆ. ಏನಿವಾಗ? ..."

"... ಗುರುವಾರದ ಆಟ ನಡೀತಿದೆ, ಅಲ್ವಾ? ಸದ್ದು ಕೇಳಿಸ್ತು. ... ನನ್ನ ಜಾಗದಲ್ಲಿ ಯಾರು? ... ಯಾರೂ ಇಲ್ವಾ? ಮತ್ತೆ ನಾಲ್ಕನೆಯವನು? ... ಮೂರೇ ಜನ ಆಡ್ತಿದ್ದಾರಾ? ... ಬೇರೆಯವರನ್ನ ಕೂರಿಸೋಕೆ ಕ್ಲಿಫ್ ಬಿಡಲ್ವಾ? ..."

"... ಅಷ್ಟೊಂದು ಪ್ರೀತಿ ಇದ್ದಿದ್ರೆ ಒಂದು ಫೋನ್ ಮಾಡಬಹುದಿತ್ತಲ್ಲ ಅವನು? ಒಂದೇ ಒಂದು ಫೋನು! ನಾನಿಲ್ಲಿ ಕೆಟಲ್ ಜೊತೆ ಮಾತಾಡ್ಕೊಂಡು ಕೂತಿದ್ದೀನಿ ... ಏನಂದೆ? ... ಮಾಡಿದ್ರೂ ಮಾತಾಡೋಕಾಗಲ್ಲ ಅಂದ್ರೆ? ... ಯಾಕಾಗಲ್ಲ? ..."

"... ಯಾರಿಗೆ ಹೇಳಬೇಡ ಅಂದಿದ್ದ? ... ನಂಗಾ? ... ಮ್ಯಾಕ್ಸೀನ್, ಒಗಟು ಬೇಡ, ನೇರ ಹೇಳು. ಆ ಬೋರ್ಡು ಹಾಕು ಅಂತ ನಿಂಗೆ ಹೇಳಿದ್ದು ಯಾರು? ..."

"... ಕ್ಲಿಫಾ? ..."

"... ಶ್ವಾಸಕೋಶ. ... ಯಾವಾಗಿಂದ? ... ಜೂನ್‌ನಲ್ಲೇ ಡಾಕ್ಟ್ರು ಹೇಳಿದ್ರಾ? ನಂಗೆ ನೆಗಡಿ ಅಂದಿದ್ದ ಕಣೇ. ನೆಗಡಿ ಅಂತ! ... ನನ್ನ ಆವಿ ಮೂಗಿಗೆ ಬಿದ್ರೆ ಉಸಿರು ಸಿಕ್ಕಿಹಾಕ್ಕೊಳ್ತಿತ್ತಾ? ... ಅದಕ್ಕೇ ಆಟದ ಮಧ್ಯೆ ಎದ್ದೆದ್ದು ಟಾಯ್ಲೆಟ್‌ಗೆ ಹೋಗ್ತಿದ್ನಾ? ... ಅಯ್ಯೋ. ಕ್ಲಿಫ್‌ಗೆ ನಲ್ಲಿ ಸೋರತ್ತೆ ಅಂತ ನಾನು ಎಲ್ಲರನ್ನೂ ನಗಿಸ್ತಿದ್ದೆ ಮ್ಯಾಕ್ಸೀನ್. ಅವನೂ ನಗ್ತಿದ್ದ ..."

"... ನಂಗೆ ಹೇಳಿದ್ರೆ ಇದನ್ನ ಅವತ್ತೇ ಕಾಲುವೆಗೆ ಎಸೀತಿದ್ನಲ್ಲ! ... ಹಾಂ? ... ಅದಕ್ಕೇ ಹೇಳ್ಲಿಲ್ಲ ಅಂದ್ರೆ? ... ಎಸೆದ್ರೆ ಮತ್ತೆ ಸಿಗರೇಟಿಗೆ ಹೋಗ್ತಾನೆ ಅಂತ? ... ಅವನೇ ಅಂದ್ನಾ ಹಾಗೆ? ..."

ಟ್ರೆವರ್ ಕೈಯಲ್ಲಿದ್ದ ಪೀಪಿಯನ್ನು ಮೇಜಿನ ಮೇಲಿಟ್ಟು ದೂರ ತಳ್ಳಿದ. ಅವನ ಕೈಗೆ ಇದನ್ನು ಕೊಟ್ಟು, ದಿನವಿಡೀ ಉರಿಯುತ್ತಿದ್ದ ಸಿಗರೇಟನ್ನು ಬಿಡಿಸಿದವನೇ ಕ್ಲಿಫ್. ಈ ಮಹಾರಾಯ ಬಾಯಲ್ಲಿ ಏನಾದರೂ ಇಲ್ಲದೆ ಬದುಕುವವನಲ್ಲ ಎಂದು ಕ್ಲಿಫನಿಗೆ ಗೊತ್ತು. ತನ್ನ ಕಾಯಿಲೆ ಹೇಳಿದರೆ ಎಸೆದುಬಿಡುತ್ತಾನೆ, ಎಸೆದರೆ ವಾರದೊಳಗೆ ಸಿಗರೇಟು ಹಚ್ಚುತ್ತಾನೆ. ಹಾಗಾಗಿ ಬೋರ್ಡಿನ ಉಪಾಯ ಹೂಡಿದ್ದ. ಹೊರಗೆ ನಿಂತು ಆವಿ ಬಿಟ್ಟು ಒಳಗೆ ಬಂದು ಆಡಲಿ, ಅಷ್ಟೇ. ಟ್ರೆವರ್ ಹೊರಗೇನೋ ಹೋದ, ಆದರೆ ಒಳಗೆ ಬರಲಿಲ್ಲ.

"... ಈಗ ಅಲ್ಲೇ ಇದ್ದಾನಾ? ... ಆಕ್ಸಿಜನ್ ಸಿಲಿಂಡರ್ ಇಟ್ಕೊಂಡು? ... ಗುರುವಾರ ಒಂದೇ ದಿನ, ಟ್ಯಾಕ್ಸಿಯಲ್ಲಿ, ಒಂದು ಗಂಟೆ ಹೊತ್ತು ... ಕೊಡು. ಫೋನ್ ಕೊಡು ಅವನಿಗೆ. ... ಮಾತಾಡೋದು ಬೇಡ, ಕಿವಿಗೆ ಹಿಡಿ ಸಾಕು. ಕೊಡೇ ಮಾರಾಯ್ತಿ ..."

"... ಕ್ಲಿಫ್? ... ನೀನೇನಾ? ..."

ಆ ಕಡೆಯಿಂದ ಬಂದದ್ದು ಉಸಿರು ಮಾತ್ರ. ಬಾಗಿಲ ಸಂದಿಯಲ್ಲಿ ನುಸುಳುವ ಗಾಳಿಯ ಹಾಗೆ ಸುಂಯ್ ಎಂದು ಒಳಗೆ ಹೋಗುತ್ತಿತ್ತು, ಎಷ್ಟೋ ಹೊತ್ತಾದ ಮೇಲೆ ಹೊರಗೆ ಬರುತ್ತಿತ್ತು. ಆಮೇಲೆ ಟಕ್ ಎಂದು ಒಂದು ಸದ್ದಾಯಿತು. ಬೆರಳ ಗೆಣ್ಣಿನಿಂದ ಮರದ ಮೇಲೆ ಬಡಿದ ಸದ್ದು.

ಡಾಮಿನೊ ಆಡುವಾಗ ಮೇಜಿನ ಮೇಲಿನದಕ್ಕೆ ಹೊಂದುವ ಬಿಲ್ಲೆ ಕೈಯಲ್ಲಿ ಇಲ್ಲದವನು ಬಾಯಿಬಿಟ್ಟು ಹೇಳುವುದಿಲ್ಲ, ಮೇಜಿಗೆ ಒಮ್ಮೆ ಬಡಿಯುತ್ತಾನೆ. ನನ್ನ ಹತ್ತಿರ ಏನೂ ಇಲ್ಲ, ನೀನು ಆಡು ಎಂದು ಅದರ ಅರ್ಥ. ಇಷ್ಟು ವರ್ಷ ಒಂದೇ ಜೋಡಿಯಾಗಿ ಆಡಿದ ಟ್ರೆವರನಿಗೆ ಅದು ಕ್ಲಿಫನ ಬಡಿತವೇ ಎಂದು ತಿಳಿಯಿತು.

"... ಹಾಂ, ಹಾಂ. ಮಾತಾಡಬೇಡ. ಬಡಿ ಸಾಕು. ... ಆಡೋ ಸರದಿ ನಂದು ಅಂತೀಯಾ? ... ಮೂರು ತಿಂಗಳಿಂದ ಸರದಿ ನಂದೇ ಇತ್ತು ಕಣೋ. ನಾನೇ ಕತ್ತೆ ಥರ ಕೂತ್ಬಿಟ್ಟೆ ..."

"... ಊಟ ಸೇರತ್ತಾ? ... ರಾತ್ರಿ ಮಲಗೋಕಾಗತ್ತಾ? ... ಎರಡು ಸಲ ಬಡಿದ್ರೆ ಇಲ್ಲ ಅಂತ ಅರ್ಥಾನಾ? ... ಕೂತ್ಕೊಂಡೇ ನಿದ್ದೆ ಮಾಡ್ತೀಯಾ? ... ಹಾಂ. ... ಮುಂದಿನ ಗುರುವಾರ ಬರ್ಲಾ ನಾನು? ಹೊರಗೇ ಮುಗಿಸ್ಕೊಂಡು, ಬಾಯಿ ಮುಕ್ಕಳಿಸ್ಕೊಂಡು, ಕೋಟು ಬಾಗಿಲಲ್ಲೇ ಬಿಟ್ಟು ಬರ್ತೀನಿ. ಬರ್ಲಾ? ..."

ಟಕ್.

"... ಏನದು, ಹಾರ್ನಾ? ... ಟ್ಯಾಕ್ಸಿ ಬಂತಾ? ತಡಿ, ಟ್ಯಾಕ್ಸಿಯವನಿಗೆ ಕಾಯೋಕೆ ಹೇಳು ಮ್ಯಾಕ್ಸೀನ್, ಒಂದ್ನಿಮಿಷ ... ಕ್ಲಿಫ್, ಏಳಬೇಡ್ವೋ ..."

ಬಸ್ಸಿನಲ್ಲಿ ತನ್ನ ಕಾಲನ್ನು ಯಾರಾದರೂ ತುಳಿದರೂ ತಾನೇ ಸಾರಿ ಎನ್ನುವ ಊರಿನವನು ಟ್ರೆವರ್. ಗೆಳೆಯನಿಗೆ ಅದೇ ಮಾತು ಹೇಳಲು ಅವನ ನಾಲಿಗೆ ಏಳಲಿಲ್ಲ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ, ಗೋಡೆಯ ಕಡೆ ತಿರುಗಿ ಕೂತ. ಆಮೇಲೆ ಕಣ್ಣು ಮುಚ್ಚಿಕೊಂಡು ಹೇಳಿಬಿಟ್ಟ.

"... ಲೋ. ಆವತ್ತು ನಾನು ಹೇಡಿ ಅಂದೆನಲ್ಲ ... ಒಂದೇ ಮೇಜಲ್ಲಿ ಕೂರಲ್ಲ ಅಂತ ... ತಪ್ಪಾಯ್ತು ಕಣೋ. ತುಂಬಾ ತಪ್ಪಾಯ್ತು. ಕೂರೋಕೆ ಬೇರೆ ಮೇಜೇ ಇಲ್ಲ ನಂಗೆ. ... ಕೇಳಿಸ್ತಾ? ... ಕೇಳಿಸಿದ್ರೆ ಒಂದ್ಸಲ ಬಡಿ ..."

"... ಕ್ಲಿಫ್? ..."

"... ಬಡಿದೆಯಾ? ಮೆತ್ತಗೆ ಬಡಿದೆಯೇನೋ. ಇನ್ನೊಂದ್ಸಲ ಬಡಿ, ಕಿವಿ ಮಂದ ನಂದು ..."

"... ಹಲೋ? ... ಟಿಲ್ಲಿ? ನೀನಾ? ... ಟ್ಯಾಕ್ಸಿ ಹತ್ತಿಬಿಟ್ನಾ ಅವನು? ... ಫೋನ್ ಇಡಬೇಡ ಪುಟ್ಟಿ. ಅವನು ಹೋಗೋ ಮುಂಚೆ ನಾನು ಹೇಳಿದ್ದು ಅವನಿಗೆ ಕೇಳಿಸ್ತಾ? ಅಷ್ಟು ಹೇಳು ಸಾಕು ... ಹಲೋ ... ಹಲೋ ..."