ಹನ್ನೆರಡು ಬೋಳು ತಟ್ಟೆಗಳು

ವೇದಿಕೆಯ ಮೇಲಿರುವ ಪ್ರಾಂಶುಪಾಲರಾದ ಫ್ಲೆಮಿಂಗ್ ಅವರೇ, ಔಷಧ ಕಾರ್ಖಾನೆಯಿಂದ ಬಂದಿರುವ ಮುಖ್ಯ ಅತಿಥಿ ಹೆನ್ರಿಯೆಟ್ಟೆ ಅವರೇ, ಹೂಗುಚ್ಛ ಹಿಡಿದು ಕೂತಿರುವ ತಾಯಿತಂದೆಯರೇ, ಮುಂದಿನ ಸಾಲಿನ ಹನ್ನೊಂದು ಮಂದಿ ಮಕ್ಕಳೇ, ಸಭಿಕರೇ,

ಪ್ರಯೋಗಾಲಯದ ಶಿಕ್ಷಕಿ ಬೋಡಿಲ್ ಆದ ನಾನು ಎರಡು ಹಾಳೆಯ ಭಾಷಣ ಬರೆದುಕೊಂಡಿದ್ದೆ. 'ಹದಿನೇಳರ ವಯಸ್ಸಿಗೇ ಪ್ರಯೋಗಾಲಯದ ಪ್ರಮಾಣಪತ್ರ ಕೈಗೆ ಬಂದರೆ ಜೈವಿಕ ತಂತ್ರಜ್ಞಾನದ ಬಾಗಿಲು ತಾನಾಗಿ ತೆರೆಯುತ್ತದೆ' ಎಂದು ಶುರು. ಅದನ್ನು ಓದಲಾರೆ. ಬೆಳಿಗ್ಗೆ ಎಂಟಕ್ಕೆ ಶೀತಲ ಕೋಣೆಯಲ್ಲಿ ಕಂಡದ್ದು ಇನ್ನೂ ನನಗೆ ಅರಗಿಲ್ಲ. ಮೂರು ಲೋಟ ಕಾಫಿ ಕುಡಿದರೂ ಅರಗಲಿಲ್ಲ. ಫ್ಲೆಮಿಂಗ್, ನಮ್ಮ ಶಾಲೆಯ ಕಾಫಿಗೆ ಅಷ್ಟು ಕಸುವಿಲ್ಲ.

ಪರೀಕ್ಷೆ ಏನೆಂದು ಮನೆಯವರಿಗೆ ಹೇಳಿಬಿಡುತ್ತೇನೆ. ಪ್ರತಿಯೊಬ್ಬರಿಗೂ ಚಿಕ್ಕ ಕೊಳವೆಯಲ್ಲಿ ಸೂಕ್ಷ್ಮಾಣು ಕೊಡುತ್ತೇವೆ. ಅದನ್ನು ಪೋಷಕ ಲೇಪವಿರುವ ಪುಟ್ಟ ಪಾರದರ್ಶಕ ತಟ್ಟೆಯ ಮೇಲೆ ಹರಡಿ, ಬೆಚ್ಚಗಿಟ್ಟು, ಮಾರನೇ ದಿನ ಬೆಳೆದ ಚುಕ್ಕೆಗಳನ್ನು ಎಣಿಸಿ ಬರೆಯಬೇಕು. ಕೈ ಪಳಗಿದ್ದರೆ ಐವತ್ತರ ಆಸುಪಾಸು ಬರುತ್ತದೆ. ನಲವತ್ತೇಳು, ಐವತ್ತೆರಡು, ನಲವತ್ತೊಂಬತ್ತು ಎಂದು ಹನ್ನೊಂದು ಮಂದಿ ಬರೆದರು. ಹನ್ನೆರಡನೆಯವಳು, ರಿಕ್ಕೆ ಎಂಬ ಹುಡುಗಿ, ಸೊನ್ನೆ ಬರೆದಳು.

"ಒಂದಾದ್ರೂ ಬೇಡ್ವೇನೇ? ಐವತ್ತು ಬರೋ ಕಡೆ ಸೊನ್ನೆಯಾ?" ಎಂದು ಎಲ್ಲರೆದುರು ಕೇಳಿದೆ.

"ಇಲ್ದೇ ಇರೋದನ್ನ ಹೆಂಗೆ ಎಣಿಸ್ಲಿ ಬೋಡಿಲ್?" ಎಂದಳು.

ಉದ್ಧಟತನ ಎಂದುಕೊಂಡೆ. ಯಾರ ತಟ್ಟೆಯನ್ನೂ ನೋಡದೆ, ಬರೆದ ಅಂಕಿ ನೋಡಿಯೇ ಫೇಲ್ ಮಾಡಿದೆ. ಹೆನ್ರಿಯೆಟ್ಟೆ ಅವರೇ, ಆಗಸ್ಟಿನಿಂದ ನಿಮ್ಮಲ್ಲಿ ಕಲಿಯುತ್ತ ದುಡಿಯುವ ಜಾಗ ಅವಳಿಗೆ ನಿಗದಿಯಾಗಿತ್ತು. ಪ್ರಮಾಣಪತ್ರವಿಲ್ಲವೆಂದು ಅದು ತಪ್ಪಿತು. ಈಗ ಬೇಕರಿಯಲ್ಲಿದ್ದಾಳೆ. ಹೊರಗೆ ಮೇಜಿನ ಮೇಲೆ ನಮಗಾಗಿ ಇಟ್ಟಿರುವ ಬ್ರೂನ್‌ಸ್ವೀಗರ್, ಆ ಕಂದು ಸಕ್ಕರೆಯ ಕೇಕು, ಅವಳೇ ಕತ್ತರಿಸಿ ಕಳಿಸಿದ್ದು.

ಎಣಿಸಿದ ಮೇಲೆ ತಟ್ಟೆಗಳನ್ನು ಬೇಯಿಸಿ ಎಸೆಯುವುದು ಪದ್ಧತಿ. ಈ ಸಲ ಬೇಯಿಸುವ ಯಂತ್ರ ಕೆಟ್ಟಿತ್ತು. ಕೋಣೆ ತೊಳೆಯುವ ಯಾಸ್ನಾ ಅವನ್ನು ಶೀತಲ ಕೋಣೆಯಲ್ಲಿ ಜೋಡಿಸಿಟ್ಟಿದ್ದಳು. ಇವತ್ತು ನನ್ನ ತೋಳು ಹಿಡಿದು, "ಬನ್ರೀ ಇಲ್ಲಿ, ನಿಮ್ಮ ಮಕ್ಳು ಎಣಿಸಿದ ತಟ್ಟೆ ಇವೇನಾ? ಇದ್ರಲ್ಲಿ ಏನೂ ಇಲ್ವಲ್ಲ!" ಎಂದಳು.

ಒಂದೊಂದೇ ಎತ್ತಿ ಬೆಳಕಿಗೆ ಹಿಡಿದೆ. ಹನ್ನೆರಡೂ ಬೋಳು! ಅಡಿಯಲ್ಲಿ ಹೆಸರು, ಮೇಲೆ ಏನೂ ಇಲ್ಲ. ಬೆಳೆದ ಚುಕ್ಕೆ ಚಳಿಗೆ ಅಳಿಸಿಹೋಗುವಂಥದ್ದಲ್ಲ. ಓಡಿಹೋಗಿ ಆ ಕೊಳವೆಗಳನ್ನಿಡುವ ಫ್ರೀಜರಿನ ದಾಖಲೆ ನೋಡಿದೆ. ಪರೀಕ್ಷೆಗೆ ಮೊದಲು, ಈಸ್ಟರ್ ರಜೆಯಲ್ಲಿ, ಅದು ನಾಲ್ಕು ದಿನ ನಿಂತುಹೋಗಿತ್ತು. ನಾವು ಕೊಟ್ಟದ್ದು ಸತ್ತ ಸೂಕ್ಷ್ಮಾಣು. ಮೊದಲೇ ಒಂದು ಕೊಳವೆ ಪರೀಕ್ಷಿಸಿ ನೋಡಬೇಕಾದವಳು ನಾನು. ನೋಡಿರಲಿಲ್ಲ.

ಹನ್ನೊಂದು ಮಂದಿ ಇಲ್ಲದ ಚುಕ್ಕೆ ಎಣಿಸಿದ್ದೀರಿ! ಒಬ್ಬರಲ್ಲ, ಇಬ್ಬರಲ್ಲ, ಹನ್ನೊಂದು ಮಂದಿ! ನಾಳೆ ಯಾರದೋ ಮಗುವಿಗೆ ಚುಚ್ಚುವ ಔಷಧ ನಿಮ್ಮ ಕೈಗೆ ಬಂದಾಗಲೂ ಕಂಡದ್ದನ್ನು ಬಿಟ್ಟು ಬರಬೇಕಾದದ್ದನ್ನು ಬರೆಯುತ್ತೀರಾ? ಇದನ್ನು ನಿಮಗೆ ಕಲಿಸಿದವರು ಯಾರು? ಯಾರು?

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. 'ಐವತ್ತು ಬರಬೇಕು, ಐವತ್ತು ಬರಬೇಕು' ಎಂದು ವರ್ಷವಿಡೀ ಬಾಯಿ ಬಡಿದುಕೊಂಡವಳು ನಾನೇ. ಅಷ್ಟೇ ಅಲ್ಲ. ನನಗೂ ಹದಿನೇಳಾಗಿತ್ತು. ಪರೀಕ್ಷೆಯ ದಿನ ನನ್ನ ತಟ್ಟೆ ಕೈಜಾರಿ ಬೋರಲಾಯಿತು, ಎಣಿಸಲು ಏನೂ ಉಳಿಯಲಿಲ್ಲ. ಪಕ್ಕದವಳದು ಐವತ್ತೆರಡು, ನಾನು ನಲವತ್ತೆಂಟು ಎಂದು ಬರೆದೆ. ಅದೇ ಕಾಗದ ನನಗೆ ಮೊದಲ ಕೆಲಸ ಕೊಡಿಸಿತು, ಈ ಕುರ್ಚಿ ಕೊಡಿಸಿತು. ಅಯ್ಯೋ, ಇದನ್ನು ಹೇಳಬೇಕೆಂದಿರಲಿಲ್ಲ. ಮೂರನೇ ಸಾಲಿನಲ್ಲಿ ನನ್ನ ಗಂಡ ಕೂತಿದ್ದಾನೆ. ಓಲೆ, ಹಾಗೆ ನೋಡಬೇಡ. ಮದುವೆಯಾಗಿ ಮೂವತ್ತು ವರ್ಷವಾದರೂ ನಿನಗೂ ಹೇಳಿರಲಿಲ್ಲ. ನನಗೆ ನಾಚಿಕೆಯಾಗುತ್ತಿದೆ.

ಇಂದು ಪ್ರಮಾಣಪತ್ರ ಹಂಚುವುದಿಲ್ಲ. ಫ್ಲೆಮಿಂಗ್ ಅವರು ಒಪ್ಪಿದ್ದಾರೆ. ಹೂವು ಮನೆಗೆ ಕೊಂಡೊಯ್ಯಿರಿ, ಬಾಡಿಸಬೇಡಿ.

ಇಲ್ಲಿಗೆ ಬರುವ ಮೊದಲು ಬೇಕರಿಗೆ ಹೋಗಿ ನಡೆದದ್ದೆಲ್ಲ ಹೇಳಿದೆ. "ರಿಕ್ಕೆ, ತಪ್ಪಾಯ್ತಮ್ಮ. ನಿನ್ನೊಬ್ಬಳಿಗೇ ಪ್ರಮಾಣಪತ್ರ ಕೊಡ್ತೀವಿ, ಬಾ" ಎಂದೆ. ಕುಣಿಯುತ್ತಾಳೆ ಎಂದುಕೊಂಡಿದ್ದೆ. ಕೈಗೆ ಅಂಟಿದ ಸಕ್ಕರೆ ಒರೆಸಿಕೊಂಡು ಅವಳು ಅಂದಳು: "ಹಂಗೆ ಬೇಡ. ಸತ್ತಿದ್ದನ್ನ ಸತ್ತಿದೆ ಅಂತ ಬರ್ದಿದ್ದಷ್ಟೇ ನಾನು. ಜೀವ ಇರೋದನ್ನ ಬೆಳೆಸೋಕೆ ನಂಗೆ ಬರುತ್ತಾ ಅಂತ ನಿಮಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ಹನ್ನೆರಡು ಜನಕ್ಕೂ ಇನ್ನೊಂದ್ಸಲ ಪರೀಕ್ಷೆ ಇಡಿ."

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಪರೀಕ್ಷೆ. ಹೆನ್ರಿಯೆಟ್ಟೆ ಅವರೇ, ಅಲ್ಲಿಯವರೆಗೆ ಆ ಜಾಗ ಯಾರಿಗೂ ಕೊಡಬೇಡಿ, ಕೈಮುಗಿದು ಕೇಳುತ್ತೇನೆ.

ನಾನು ಹೊರಟಾಗ ರಿಕ್ಕೆ ಮತ್ತೆ ಕರೆದು ಕೇಳಿದಳು: "ಬೋಡಿಲ್, ಈ ಸಲ ನಮ್ಮ ತಟ್ಟೆ ನೋಡೋರು ಯಾರು?"

ಉತ್ತರ ಇಲ್ಲಿ, ಎಲ್ಲರೆದುರು ಹೇಳುತ್ತೇನೆ. ನಾನಲ್ಲ. ಫ್ಲೆಮಿಂಗ್, ತೆಗೆದುಕೊಳ್ಳಿ, ಪ್ರಯೋಗಾಲಯದ ಬೀಗದ ಕೈ.

ಇಷ್ಟು ಹೊತ್ತು ಕೇಳಿಸಿಕೊಂಡದ್ದಕ್ಕೆ ನಿಮಗೆಲ್ಲ ಋಣಿ. ಚಪ್ಪಾಳೆ ಬೇಡ. ನಮಸ್ಕಾರ.