ಎರಡು ಬೆರಳು ಗಿಡ್ಡ

ಹಳಿಯಾಳದ ಗನಿಸಾಬರ ಹೊಲಿಗೆ ಅಂಗಡಿಯಲ್ಲಿ ತನ್ನ ಸರದಿಗೆ ಕಾಯುತ್ತಿದ್ದ ರಾಜಶ್ರೀಯ ಕಿವಿಗೆ ಜಗಳವೊಂದು ಬಿತ್ತು. ತಾಯಿಯೊಬ್ಬಳು ಮಗಳಿಗೆ ಮದುವೆಯ ಘಾಗ್ರಾ ತೊಡಿಸಿ ನೋಡುತ್ತಿದ್ದಳು. ನೆಲ ಮುಟ್ಟಬೇಕಾದ ಅಂಚು ಎರಡು ಬೆರಳು ಮೇಲೆಯೇ ನಿಂತಿತ್ತು.

“ಅಳತಿ ತಪ್ಪೀರಿ, ಸಾಬರ.”

“ಮೂವತ್ತು ವರ್ಷ ಆತು ಟೇಪ ಹಿಡದು. ನನ್ನ ಅಳತಿ ತಪ್ಪಿಲ್ಲ, ತಾಯವ್ವಾರ. ಅಳತಿ ಕೊಟ್ಟ ಮ್ಯಾಲ ಆರು ತಿಂಗಳದಾಗ ನಿಮ್ಮ ಹುಡುಗಿನ ಬೆಳದಾಳ.”

“ಏನ ಬೆಳೀತಾಳ! ಹದಿನೆಂಟು ತುಂಬ್ಯಾವ.”

“ನನ್ನ ಮಗಳು ಮೆಹರೀನ ದೊಡ್ಡಾಕಿ ಆಗಿ ಎರಡು ವರ್ಷಕ್ಕ ಬೆಳಿಯೂದು ನಿಲ್ಲಿಸಿದಳು. ಹದಿನೈದರ ಮ್ಯಾಲ ಒಂದು ಬೆರಳೂ ಏರಲಿಲ್ಲ.”

“ಇಕಿ ಅಪ್ಪನ ಹಂಗ. ಅವರ ಮನ್ಯಾಗ ಎಲ್ಲಾರೂ ಎತ್ತರನ.”

“ಎತ್ತರ ಅಪ್ಪಂದ ಇರಲಿ. ಬೆಳಿಯೂ ವಯಸ್ಸು ಹುಡುಗೀದಲ್ಲೇನ್ರಿ?”

ಹುಡುಗಿ ಇಬ್ಬರ ಮುಖವನ್ನೂ ನೋಡಿ, ಘಾಗ್ರಾದೊಳಗೆ ಮೆಲ್ಲಗೆ ಮೊಣಕಾಲು ಬಗ್ಗಿಸಿದಳು. ಅಂಚು ನೆಲಕ್ಕೆ ತಾಗಿತು.

“ಈಗ ಸರಿ ಆತಲ್ಲಬೇ ಅವ್ವಾ?”

“ನೆಟ್ಟಗ ನಿಂದ್ರ, ಶಿವಗಂಗಾ!” ಎಂದು ಗದರಿದ ತಾಯಿ ದನಿ ತಗ್ಗಿಸಿದಳು. “ಕೆಳಗ ಅಂಚು ಹಚ್ಚಿ ಉದ್ದ ಮಾಡ್ರಿ, ಸಾಬರ. ಒಳಗ ಇನ್ನೂ ಮೂರು ಬೆರಳು ಬಟ್ಟಿ ಮಡಚಿ ಇಡ್ರಿ. ಮುಂದಿನ ವರ್ಷಕ್ಕ ಮತ್ತ ಗಿಡ್ಡ ಆಗಬಾರದು.”

ಹುಡುಗಿ ಬಟ್ಟೆ ಬದಲಿಸಿಕೊಂಡು ಬಂದಳು. ತಾಯಿ ಅವಳ ಕೈ ಹಿಡಿದು ಬಸ್ ಸ್ಟ್ಯಾಂಡಿನ ಕಡೆಗೆ ನಡೆದಳು.

ಸರದಿ ಬಂದರೂ ರಾಜಶ್ರೀ ಏಳಲಿಲ್ಲ. ಮೊಬೈಲಿನಲ್ಲಿ ಮಕ್ಕಳ ಸಹಾಯವಾಣಿಯ ನಂಬರು ಹುಡುಕುತ್ತಿದ್ದಳು. ಗನಿಸಾಬರು ಅದನ್ನು ಕಂಡರು. ಘಾಗ್ರಾ ಮಡಚುತ್ತ, ಯಾರೂ ಕೇಳದಿದ್ದರೂ ಹೇಳಿದರು:

“ಮದುವಿ ಸೋಮವಾರ ಐತ್ರಿ, ಅಕ್ಕಾರ.”