ಬೇಡವೆಂದ ಶ್ವಾಸಕೋಶ

ಶ್ವಾಸಕೋಶ ಕಸಿ ವಿಭಾಗದ ಬೆಂಚಿನಲ್ಲಿ ದರ್ಜಿಯೊಬ್ಬ ತಪಾಸಣೆಗೆ ಕಾದು ಕುಳಿತಿದ್ದ. ಪಕ್ಕದಲ್ಲೇ ಮೂಗಿಗೆ ಆಕ್ಸಿಜನ್ ನಳಿಗೆ ಸಿಕ್ಕಿಸಿಕೊಂಡಿದ್ದವನೊಬ್ಬ, ಜೊತೆಗೆ ಅವನ ಅಕ್ಕ. ಅಕ್ಕನ ಬಾಯಿಗೆ ಬೀಗವಿರಲಿಲ್ಲ.

"ಹೋದ ಬೇಸಿಗೇಲಿ ಶ್ವಾಸಕೋಶ ಸಿಕ್ಕಿದೆ ಬನ್ನಿ ಅಂತ ಡಾಕ್ಟ್ರೇ ಫೋನ್ ಮಾಡಿದ್ರೆ, ಬೇಡ ಅಂದ್ಯಂತಲ್ಲೋ!"

"ಸತ್ತೋನು ಸಿಗರೇಟ್ ಸೇದ್ತಿದ್ನಂತೆ ಕಣಕ್ಕ. ವಯಸ್ಸೂ ಆಗಿತ್ತಂತೆ."

"ಆಹಾ! ಮನೆ ಗೋಡೆ ಕಪ್ಪಾಗೋ ಹಾಗೆ ಸೇದಿದೋನು ನೀನು!"

"ಅದಕ್ಕೇ ಅದರ ಬಾಳಿಕೆ ನಂಗೊತ್ತು."

"ಪರೀಕ್ಷೆ ಮಾಡಿ ಚೆನ್ನಾಗಿದೆ ಅಂದ್ರಲ್ಲ. ನೀನು ಬದನೆಕಾಯಿ ಥರ ಹಿಸುಕಿ ನೋಡ್ಬೇಕಿತ್ತಾ?"

"ಬಿಡಕ್ಕ, ಎಳೇದು ಇನ್ನೊಂದು ಬರತ್ತೆ."

"ಬರತ್ತೆ, ಬರತ್ತೆ. ಅಲ್ಲೀವರೆಗೂ ನೀನಿರ್ಬೇಕಲ್ಲ! ಕೈಗೆ ಬಂದ ತುತ್ತನ್ನ ಕಾಲಲ್ಲಿ ಒದ್ದೆ."

"ಅದನ್ನ ಹಾಕಿಸ್ಕೊಂಡ ಪುಣ್ಯಾತ್ಮ ಇಷ್ಟೊತ್ತಿಗೆ ಹೋಗಿರ್ತಾನೆ, ನೋಡ್ತಿರು."

ದರ್ಜಿ ಮುಖಗವಸು ಸರಿಮಾಡಿಕೊಂಡ. ಹೋದ ಬೇಸಿಗೆಯಲ್ಲಿ ಡಾಕ್ಟರು ಅವನನ್ನೂ ಕೇಳಿದ್ದರು: ಕೊಟ್ಟವರಿಗೆ ವಯಸ್ಸಾಗಿತ್ತು, ಸಿಗರೇಟ್ ಸೇದುತ್ತಿದ್ದರು, ಆಗಬಹುದಾ? "ಉಸಿರಾಡಿದ್ರೆ ಸಾಕು, ಹಾಕ್ರಿ" ಎಂದಿದ್ದ.

ನರ್ಸ್ ಬಂದು, ಉಸಿರಿನ ಪರೀಕ್ಷೆಗೆ ಎಲ್ಲರೂ ಮೂರನೇ ಮಹಡಿಗೆ ಹೋಗಬೇಕೆಂದಳು. ಅಕ್ಕ ಒಂದು ಕೈಯಲ್ಲಿ ಸಿಲಿಂಡರನ್ನೂ ಇನ್ನೊಂದರಲ್ಲಿ ತಮ್ಮನನ್ನೂ ಎಳೆದುಕೊಂಡು ಲಿಫ್ಟಿಗೆ ಹತ್ತಿದಳು.

"ಬನ್ನಿ ಸಾರ್, ಜಾಗ ಇದೆ," ಎಂದ ತಮ್ಮ, ಏದುಸಿರಿನಲ್ಲೇ.

"ನೀವು ಹೋಗಿ," ಎಂದ ದರ್ಜಿ. "ನಾನು ಮೆಟ್ಟಿಲು ಹತ್ತಿ ಬರ್ತೀನಿ."